ಪ್ಯಾಕೆಟ್ ಮೇಲೆ ತೋಟದ ಹೆಸರು

ಹೋದ ವರ್ಷ ಫೆಬ್ರುವರಿಯಲ್ಲಿ ನನ್ನ ಸೋದರಮಾವ ಕೊಯ್ಲು ಮುಗಿಸಿ ಬೆಂಗಳೂರಿಗೆ ಬಂದಿದ್ದರು. ಮೂಡಿಗೆರೆ ಕಡೆ ಐದೆಕರೆ ಕಾಫಿ ತೋಟ ಅವರದು. ಇಂದಿರಾನಗರದಲ್ಲಿ ಆಗಷ್ಟೇ ತೆರೆದಿದ್ದ ಒಂದು ರೋಸ್ಟರಿಗೆ, ಅಂದರೆ ಬೀಜವನ್ನು ಅಲ್ಲೇ ಹುರಿದು ಕಾಫಿ ಮಾಡಿಕೊಡುವ ಅಂಗಡಿಗೆ, ಅವರನ್ನು ಕರೆದುಕೊಂಡು ಹೋದೆ. ಕೌಂಟರಿನ ಹುಡುಗ ಹಾಲು ಹಾಕದ ಕಾಫಿ ಕೊಟ್ಟು, ಪಕ್ಕದಲ್ಲಿ ಅಂಗೈಯಗಲದ ಕಾರ್ಡು ಇಟ್ಟ. ಮೊದಲ ಸಾಲಿನಲ್ಲಿ ತೋಟದ ಹೆಸರು. ಅದರ ಕೆಳಗೆ ಎತ್ತರ 1,250 ಮೀಟರ್, ತಳಿ ಎಸ್‌ಎಲ್‌ಎನ್ 9, ಸಂಸ್ಕರಣೆ ನ್ಯಾಚುರಲ್, ರುಚಿ ಹಲಸು, ಬೆಲ್ಲ, ಕಿತ್ತಳೆ. ಮಾವ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು. ಒಂದು ಗುಟುಕು ಕುಡಿದರು, ಇನ್ನೊಂದು ಕುಡಿದರು.

"ಇದು ಚೆರ್ರಿ ಕಾಫಿ ಅಲ್ವ ಮಾರಾಯ್ತಿ?" ಅಂದರು.

ಅವರು ಹೇಳಿದ್ದು ಸರಿಯಾಗಿತ್ತು. ಅದು ಯಾಕೆ ಸರಿ ಅನ್ನುವುದನ್ನು ಬಿಡಿಸಿ ಹೇಳಲು ಈ ಲೇಖನ ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿ ಕೆಲವು ವರ್ಷಗಳಿಂದ ಇಂಥ ಅಂಗಡಿಗಳು ಒಂದರ ಹಿಂದೊಂದು ತೆರೆಯುತ್ತಿವೆ. 2013ರಲ್ಲಿ ದೆಹಲಿಯಲ್ಲಿ ಶುರುವಾದ ಬ್ಲೂ ಟೋಕಾಯ್ ಇಲ್ಲಿಗೂ ಬಂತು. ಥರ್ಡ್ ವೇವ್ ಹುಟ್ಟಿದ್ದೇ ಇಲ್ಲಿ. ಆಂಧ್ರದ ಆದಿವಾಸಿ ಬೆಳೆಗಾರರ ಕಾಫಿ ಮಾರುವ ಅರಕು 2021ರಲ್ಲಿ ಇಂದಿರಾನಗರದಲ್ಲಿ ಕೆಫೆ ತೆರೆಯಿತು. ಇವಲ್ಲದೆ ಒಂದೇ ಒಂದು ಯಂತ್ರ ಇಟ್ಟುಕೊಂಡು ವಾರಕ್ಕೆರಡು ಸಲ ಹುರಿಯುವ ಚಿಕ್ಕ ಚಿಕ್ಕ ಮಂದಿ ಕೋರಮಂಗಲ, ಹಲಸೂರು, ಜಯನಗರಗಳಲ್ಲಿ ಇದ್ದಾರೆ. ಮೂರು ಹೊತ್ತೂ ಫಿಲ್ಟರ್ ಕಾಫಿ ಕುಡಿಯುವ ನನ್ನ ಎಷ್ಟೋ ಗೆಳತಿಯರು ಇವುಗಳ ಒಳಗೆ ಹೋಗಲು ಹಿಂಜರಿಯುತ್ತಾರೆ. ಕಾರ್ಡಿನಲ್ಲಿ ಬರೆದದ್ದು ಒಂದೂ ಅರ್ಥವಾಗುವುದಿಲ್ಲ ಅನ್ನುವುದು ಅವರ ದೂರು. ಆದರೆ ಆ ಕಾರ್ಡಿನ ಮುಕ್ಕಾಲು ಪಾಲು ಸಂಗತಿ ನಮ್ಮ ಮಲೆನಾಡಿನದೇ. ಬರೆದ ಭಾಷೆ ಮಾತ್ರ ಬೇರೆ. ಅದನ್ನು ಕನ್ನಡದಲ್ಲೂ ಅಚ್ಚು ಹಾಕಿಸಿ ಎಂದು ಹೋದ ಕಡೆಯಲ್ಲೆಲ್ಲ ಕೇಳುತ್ತಲೇ ಇದ್ದೇನೆ.

ಮೊದಲು, ಈ ಅಂಗಡಿಗಳು ತಮ್ಮ ಕಾಫಿಗೆ ಹೇಳುವ 'ಸ್ಪೆಷಾಲಿಟಿ' ಅನ್ನುವ ಪದ. ಅಮೆರಿಕದ ಕಾಫಿ ವ್ಯಾಪಾರಿ ಎರ್ನಾ ಕ್ನುಟ್‌ಸೆನ್ 1974ರಲ್ಲಿ ಈ ಪದ ಬಳಸಿದರು. ನಿರ್ದಿಷ್ಟ ನೆಲ, ನಿರ್ದಿಷ್ಟ ಹವೆಯಲ್ಲಿ ಬೆಳೆದ ಕಾಫಿಗೆ ಅದರದೇ ರುಚಿ ಇರುತ್ತದೆ, ಅದನ್ನು ಬೇರೆಯದರ ಜೊತೆ ಕಲಸಿ ಕಳೆಯಬಾರದು ಅನ್ನುವುದು ಅದರ ಹಿಂದಿನ ಯೋಚನೆ. ಆಮೇಲೆ ಇದಕ್ಕೊಂದು ಅಳತೆಯೂ ಬಂತು. ತರಬೇತಿ ಪಡೆದವರು ಕಾಫಿಯ ರುಚಿ ನೋಡಿ ನೂರಕ್ಕೆ ಅಂಕ ಕೊಡುತ್ತಾರೆ. 80 ಮತ್ತು ಅದಕ್ಕೆ ಮೇಲೆ ಬಂದರೆ ಅದು ಸ್ಪೆಷಾಲಿಟಿ. ಈ ಪರೀಕ್ಷೆಗೆ ಕಪ್ಪಿಂಗ್ ಎನ್ನುತ್ತಾರೆ. ಬಟ್ಟಲಿಗೆ ಎಂಟು ಗ್ರಾಂ ಚಿಲ್ಲರೆ ತರಿತರಿ ಪುಡಿ ಹಾಕಿ 150 ಮಿ.ಲೀ. ಬಿಸಿನೀರು ಸುರಿಯುತ್ತಾರೆ. ನಾಲ್ಕು ನಿಮಿಷ ಬಿಟ್ಟು, ಮೇಲೆ ಕಟ್ಟಿದ ಕೆನೆಯಂಥ ಪದರವನ್ನು ಚಮಚದಿಂದ ಒಡೆದು ಅದರ ಘಮ ಮೂಸಿ ನೋಡುತ್ತಾರೆ. ಆಮೇಲೆ ಸೊರ್ ಎಂದು ಸದ್ದು ಮಾಡಿ ಹೀರುತ್ತಾರೆ. ನಮ್ಮಲ್ಲಿ ಈ ವಿದ್ಯೆ ಹೊಸದೇನೂ ಅಲ್ಲ. ಕಾಫಿ ಮಂಡಳಿಯಲ್ಲಿ ಗುಣಮಟ್ಟದ ವಿಭಾಗ ನೋಡಿಕೊಂಡು, ಆಮೇಲೆ ಬೆಂಗಳೂರಿನಲ್ಲೇ ಕಾಫಿಲ್ಯಾಬ್ ಕಟ್ಟಿದ ಸುನಾಲಿನಿ ಮೆನನ್ ಅವರ ನಾಲಿಗೆಗೆ ಜಗತ್ತಿನ ಕಾಫಿಯವರೆಲ್ಲ ಬೆಲೆ ಕೊಡುತ್ತಾರೆ.

ಕಾರ್ಡಿನ ಮೊದಲ ಸಾಲು, ತೋಟದ ಹೆಸರು, ನನಗೆ ಎಲ್ಲಕ್ಕಿಂತ ದೊಡ್ಡದು. ಬಾಬಾ ಬುಡನ್ ಹದಿನೇಳನೆಯ ಶತಮಾನದಲ್ಲಿ ಯೆಮೆನ್‌ನಿಂದ ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದರು ಅನ್ನುವ ಕಥೆ ನಮಗೆಲ್ಲ ಗೊತ್ತು. ಆದರೆ ತೀರಾ ಇತ್ತೀಚೆಗಿನ ತನಕ ಬೆಂಗಳೂರಿನಲ್ಲಿ ಕಾಫಿ ಕುಡಿದವರಿಗೆ ಅದು ಯಾರ ತೋಟದ್ದೆಂದು ತಿಳಿಯುವ ದಾರಿಯೇ ಇರಲಿಲ್ಲ. ಕಾರಣ ಪೂಲ್ ಪದ್ಧತಿ. ಎರಡನೆಯ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿಹೋಗಿ ಬೆಳೆಗಾರರು ಕಂಗೆಟ್ಟಾಗ ಸರ್ಕಾರ ನಡುವೆ ಬಂತು. 1942ರ ಕಾಫಿ ಕಾಯ್ದೆಯ ಪ್ರಕಾರ, ಮನೆ ಖರ್ಚಿಗೆ ಇಟ್ಟುಕೊಂಡು ಉಳಿದ ಕಾಫಿಯನ್ನೆಲ್ಲ ಬೆಳೆಗಾರ ಮಂಡಳಿಗೆ ಒಪ್ಪಿಸಬೇಕಿತ್ತು. ಹೊರಗೆ ಮಾರಿದರೆ ಅಪರಾಧ. ನಮ್ಮ ಅಜ್ಜ ಎತ್ತಿನ ಗಾಡಿಯಲ್ಲಿ, ಆಮೇಲೆ ಲಾರಿಯಲ್ಲಿ, ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿಗೆ ಮೂಟೆ ಇಳಿಸಿ ಚೀಟಿ ತರುತ್ತಿದ್ದರಂತೆ. ಅಲ್ಲಿ ಸಿಪ್ಪೆ ತೆಗೆದು, ಜರಡಿ ಹಿಡಿದು, ಗಾತ್ರದ ಮೇಲೆ ದರ್ಜೆ ಕಟ್ಟಿ, ಹತ್ತಾರು ತೋಟದ ಕಾಫಿಯನ್ನು ಒಂದೇ ರಾಶಿಗೆ ಸೇರಿಸಿ ಹರಾಜು ಹಾಕುತ್ತಿದ್ದರು. ದುಡ್ಡು ದರ್ಜೆಗೆ ತಕ್ಕ ಪಾಯಿಂಟ್ ಲೆಕ್ಕದಲ್ಲಿ ಕಂತು ಕಂತಾಗಿ ಬರುತ್ತಿತ್ತು. ಬೆಲೆ ಕುಸಿದ ವರ್ಷ ಚಿಕ್ಕ ಬೆಳೆಗಾರ ಮುಳುಗದಂತೆ ಈ ಪದ್ಧತಿ ಕಾಪಾಡಿತು, ಆ ಋಣ ಸಣ್ಣದಲ್ಲ. ಆದರೆ ಅಜ್ಜ ಕಾಯಿ ಬಿಟ್ಟು ಹಣ್ಣನ್ನೇ ಆರಿಸಿ ಕೊಯ್ದರೂ ಕೊಯ್ಯದಿದ್ದರೂ, ರಾಶಿಗೆ ಸೇರಿದ ಮೇಲೆ ಎರಡೂ ಒಂದೇ.

1990ರ ದಶಕದಲ್ಲಿ ಈ ಕಟ್ಟು ಸ್ವಲ್ಪ ಸ್ವಲ್ಪವೇ ಸಡಿಲವಾಯಿತು. 1996ರಲ್ಲಿ ಬೆಳೆಗಾರ ತನ್ನ ಪೂರ್ತಿ ಬೆಳೆಯನ್ನು ತನಗೆ ಬೇಕಾದವರಿಗೆ ಮಾರುವ ಸ್ವಾತಂತ್ರ್ಯ ಪಡೆದ. ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದದ್ದೂ ಅದೇ ವರ್ಷ. ಆದರೂ ತೋಟದ ಹೆಸರು ಪ್ಯಾಕೆಟ್ ಮೇಲೆ ಬರಲು ಇನ್ನೂ ಹದಿನೈದಿಪ್ಪತ್ತು ವರ್ಷ ಹಿಡಿಯಿತು. ಇವತ್ತು ಆಲ್ದೂರು ಸೀಮೆಯ ಕೆರೆಹಕ್ಲು, ಚಿಕ್ಕಮಗಳೂರಿನ ರತ್ನಗಿರಿ, ಬಿಳಿಗಿರಿರಂಗನ ಬೆಟ್ಟದ ಅತ್ತಿಕಾನ್, ಇಂಥ ಹೆಸರು ಕೇಳಿ ಜನ ಕಾಫಿ ಕೊಳ್ಳುತ್ತಿದ್ದಾರೆ. ಅಜ್ಜನ ಕಾಲದಲ್ಲಿ ಇದು ಯಾರ ಊಹೆಗೂ ಬಂದಿರಲಿಕ್ಕಿಲ್ಲ.

ಗಾಂಧಿ ಬಜಾರು, ಮಲ್ಲೇಶ್ವರದ ಹಳೆಯ ಕಾಫಿಪುಡಿ ಅಂಗಡಿಗೂ ಹೊಸ ರೋಸ್ಟರಿಗೂ ಇರುವ ವ್ಯತ್ಯಾಸ ಇಲ್ಲೇ ಇದೆ. ಹಳೆಯ ಅಂಗಡಿಯ ಭಾಷೆ ದರ್ಜೆಯದು. 'ಪಿ.ಬಿ. ಅರ್ಧ, ಪ್ಲಾಂಟೇಷನ್ ಎ ಅರ್ಧ, ಚಿಕೋರಿ ಇಪ್ಪತ್ತು' ಎಂದರೆ ಸಾಕು. ಪಿ.ಬಿ. ಅಂದರೆ ಪೀಬೆರಿ: ಹಣ್ಣಿನೊಳಗೆ ಎರಡು ಚಪ್ಪಟೆ ಬೀಜದ ಬದಲು ಒಂದೇ ದುಂಡನೆಯ ಬೀಜ. ಪ್ಲಾಂಟೇಷನ್ ಎ ಅಂದರೆ ನೀರಿನಲ್ಲಿ ತೊಳೆದು ಸಂಸ್ಕರಿಸಿದ ಅರೇಬಿಕಾ ಜಾತಿಯ ಕಾಫಿಯಲ್ಲಿ ದೊಡ್ಡ ಗಾತ್ರದ ಬೀಜ. ಚಿಕೋರಿ ಕಾಫಿಯೇ ಅಲ್ಲ, ಅದು ಬೇರು. ಡಿಕಾಕ್ಷನ್ನಿಗೆ ಬಣ್ಣ, ಮಂದ, ಸ್ವಲ್ಪ ಸಿಹಿಗಹಿ ಕೊಡುತ್ತದೆ. ಎಷ್ಟು ಬೆರೆಸಿದೆ ಎಂದು ಪ್ಯಾಕೆಟ್ ಮೇಲೆ ಹಾಕಲೇಬೇಕು, ಮತ್ತು ಕಾಫಿ ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ, ಅದು ಕಾನೂನು. ಆ ಪುಡಿಯ ಕಾಫಿ ನನಗೆ ಬೆಳಗ್ಗೆ ಬೇಕೇ ಬೇಕು. ಹೊಸದನ್ನು ಹೊಗಳಲು ಅದನ್ನು ತೆಗಳಬೇಕಾದ ಅಗತ್ಯ ನನಗೆ ಕಂಡಿಲ್ಲ.

ತಳಿಯ ಸಾಲಿಗೆ ಬರೋಣ. ಎಸ್‌ಎಲ್‌ಎನ್ ಅಂದರೆ ಸೆಲೆಕ್ಷನ್, ಆಯ್ಕೆ. ಆಯ್ದವರು ನಮ್ಮ ಬಾಳೆಹೊನ್ನೂರಿನವರು. ಅಲ್ಲಿಯ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲೇ ಶುರುವಾದದ್ದು. ಎಲೆಗೆ ಕಿತ್ತಳೆ ಬಣ್ಣದ ಪುಡಿ ಹತ್ತುವ ತುಕ್ಕು ರೋಗ ಅರೇಬಿಕಾ ತೋಟಗಳನ್ನು ಬೋಳು ಮಾಡುತ್ತಿತ್ತು. ಅದನ್ನು ತಡೆದುಕೊಳ್ಳುವ, ಜೊತೆಗೆ ರುಚಿಯೂ ಇರುವ ಗಿಡಕ್ಕಾಗಿ ಹುಡುಕಾಟ ನಡೆಯಿತು. 1940ರ ದಶಕದಲ್ಲಿ ಬಂದ ಎಸ್ 795 ಇವತ್ತಿಗೂ ನಮ್ಮ ಅರೇಬಿಕಾದ ಬೆನ್ನೆಲುಬು. ಎಸ್‌ಎಲ್‌ಎನ್ 9ರಲ್ಲಿ ಇಥಿಯೋಪಿಯಾ ಮೂಲದ ಒಂದು ತಳಿಯ ರಕ್ತವಿದೆ, ಹೂವು-ಹಣ್ಣಿನ ಪರಿಮಳಕ್ಕೆ ರೋಸ್ಟರುಗಳು ಅದನ್ನು ಅರಸುತ್ತಾರೆ. 2007ರಲ್ಲಿ ಬಿಡುಗಡೆಯಾದ ಗಿಡ್ಡ ತಳಿ ಚಂದ್ರಗಿರಿ. ಎತ್ತರದ ಅಂಕಿಯೂ ಅಲಂಕಾರಕ್ಕೆ ಇರುವುದಲ್ಲ. ಎತ್ತರ ಹೆಚ್ಚಿದಷ್ಟು ತಂಪು ಹೆಚ್ಚು, ಹಣ್ಣು ನಿಧಾನ ಬಲಿಯುತ್ತದೆ, ಬೀಜ ಗಟ್ಟಿಯಾಗುತ್ತದೆ, ಹುಳಿ-ಸಿಹಿ ಎರಡೂ ಏರುತ್ತವೆ. ಅರೇಬಿಕಾಕ್ಕೆ ಸಾವಿರ ಮೀಟರಿನ ಮೇಲೆ ಹದ.

ಈಗ ಮಾವ ಕೇಳಿದ ಪ್ರಶ್ನೆ. ಹಣ್ಣಿನಿಂದ ಬೀಜ ತೆಗೆಯಲು ಮಲೆನಾಡಿನಲ್ಲಿ ತಲೆಮಾರುಗಳಿಂದ ಎರಡು ದಾರಿ. ಒಂದು, ಕೊಯ್ದ ದಿನವೇ ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸುವುದು, ಬೀಜಕ್ಕೆ ಅಂಟಿದ ಲೋಳೆ ಹೋಗುವಂತೆ ತೊಟ್ಟಿಯಲ್ಲಿ ಒಂದೆರಡು ದಿನ ಹುದುಗಿಸುವುದು, ತೊಳೆದು ಕಣದಲ್ಲಿ ಒಣಗಿಸುವುದು. ಇದು ಪಾರ್ಚ್‌ಮೆಂಟ್. ಕೆಫೆಯ ಕಾರ್ಡಿನಲ್ಲಿ ಇದರ ಹೆಸರು ವಾಷ್ಡ್. ಇನ್ನೊಂದು, ಹಣ್ಣನ್ನು ಹಣ್ಣಾಗಿಯೇ ಹರವಿ, ಸಿಪ್ಪೆ ಕಪ್ಪಾಗಿ ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಲಗಲ ಅನ್ನುವ ತನಕ ಒಣಗಿಸುವುದು. ಇದು ಚೆರ್ರಿ. ಕಾರ್ಡಿನಲ್ಲಿ ನ್ಯಾಚುರಲ್.

ಮಾವನಿಗೆ ಅಚ್ಚರಿಯಾದದ್ದು ಬೆಲೆ ನೋಡಿ. ಮಾರುಕಟ್ಟೆಯಲ್ಲಿ ಪಾರ್ಚ್‌ಮೆಂಟಿಗಿಂತ ಚೆರ್ರಿಯ ಬೆಲೆ ಯಾವಾಗಲೂ ಕಡಿಮೆ. ನೀರಿಲ್ಲದವರು, ಪಲ್ಪರ್ ಇಲ್ಲದವರು ಮಾಡುವುದು, ಕೊನೆಯ ಕೊಯ್ಲಿನ ಕಾಯಿ-ಹಣ್ಣು-ಒಣಕಲು ಎಲ್ಲ ಕೂಡಿದ್ದು, ಚೆರ್ರಿ ಅಂದರೆ ನಮಗೆ ಹಾಗೆ. ಕೆಫೆಯಲ್ಲಿ ನೋಡಿದರೆ ನ್ಯಾಚುರಲ್‌ಗೇ ಹೆಚ್ಚು ದುಡ್ಡು. ದಾರಿ ಒಂದೇ ಆದರೂ ನಡೆಯುವ ರೀತಿ ಬೇರೆ. ನ್ಯಾಚುರಲ್ ಮಾಡುವವರು ರಕ್ತಗೆಂಪು ಹಣ್ಣನ್ನು ಮಾತ್ರ ಆರಿಸುತ್ತಾರೆ. ನೆಲಕ್ಕೆ ಹಾಕದೆ, ಅಡಿಯಿಂದಲೂ ಗಾಳಿಯಾಡುವಂತೆ ಬಲೆ ಕಟ್ಟಿದ ಅಟ್ಟದ ಮೇಲೆ ತೆಳುವಾಗಿ ಹರವುತ್ತಾರೆ. ದಿನಕ್ಕೆ ಐದಾರು ಸಲ ಕೈಯಾಡಿಸುತ್ತಾರೆ, ರಾತ್ರಿ ಇಬ್ಬನಿ ಬೀಳದಂತೆ ಮುಚ್ಚುತ್ತಾರೆ. ಮೂರು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ದಿನ. ಆಗ ಹಣ್ಣಿನ ಸಿಹಿ ಬೀಜದ ರುಚಿಗೆ ಸೇರುತ್ತದೆ. ಇದೇ ಕಣದಲ್ಲಿ ದಪ್ಪ ರಾಶಿ ಹಾಕಿ ಎರಡು ದಿನ ಮರೆತರೆ ಬೂಷ್ಟು ಹಿಡಿದು ಕಮಟು ಬರುತ್ತದೆ. ಹಲಸಿನ ಹಣ್ಣಿನ ಘಮಕ್ಕೂ ಕೊಳೆತ ಹಣ್ಣಿನ ವಾಸನೆಗೂ ನಡುವಿನ ಅಂತರ ಅಷ್ಟೇ.

ಈ ಎರಡರ ನಡುವೆ 'ಹನಿ' ಎಂಬುದೊಂದಿದೆ, ಇಂಗ್ಲಿಷಿನಲ್ಲಿ ಜೇನು ಎಂದರ್ಥ. ಜೇನು ಬೆರೆಸುತ್ತಾರೆಂದು ಹಲವರು ತಿಳಿದಿದ್ದಾರೆ. ಹಾಗೇನಿಲ್ಲ, ಸಿಪ್ಪೆ ಬಿಡಿಸಿ ಲೋಳೆಯನ್ನು ತೊಳೆಯದೆ ಒಣಗಿಸುತ್ತಾರೆ, ಒಣಗುವಾಗ ಬೀಜ ಜೇನಿನಂತೆ ಅಂಟಂಟು. ಅನೇರೋಬಿಕ್ ಅಂದರೆ ಹಣ್ಣನ್ನು ಗಾಳಿಯಾಡದ ಡ್ರಮ್ಮಿನಲ್ಲಿ ಮುಚ್ಚಿಟ್ಟು ಹುದುಗಿಸುವುದು. ಚೆನ್ನಾಗಿ ಬಂದರೆ ಸೊಗಸು. ಆದರೆ ಈಗೀಗ ಹುದುಗಿನ ಘಾಟೇ ಮುಂದಾಗಿ ಕಾಫಿಯ ರುಚಿ ಹಿಂದೆ ಸರಿದ ಲೋಟಗಳನ್ನು ಬಹಳ ಕಡೆ ಕುಡಿದಿದ್ದೇನೆ. ಹೊಸದಾಗಿ ಹೋಗುವವರು ಮೊದಲು ವಾಷ್ಡ್, ಅದಾದ ಮೇಲೆ ಅದೇ ತೋಟದ ನ್ಯಾಚುರಲ್ ಕುಡಿಯಲಿ. ಪಕ್ಕಪಕ್ಕ ಇಟ್ಟುಕೊಂಡರೆ ನಾಲಿಗೆ ತಾನೇ ಹೇಳುತ್ತದೆ. ಬೈಟು ಮಾಡಿ ಕೊಡಿ ಎಂದು ಕೇಳಿದರೆ ಹೆಚ್ಚಿನವರು ಎರಡು ಲೋಟ ಕೊಟ್ಟೇ ಕೊಡುತ್ತಾರೆ.

ಹುರಿಯುವುದನ್ನು ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಆ ದಿನ ನಮಗೆ ಸಿಕ್ಕಿತು. ಡ್ರಮ್ಮಿನೊಳಗೆ ಬಿದ್ದ ಹಸಿರು ಬೀಜ ಮೊದಲು ಹಸಿ ಹುಲ್ಲಿನ ವಾಸನೆ ಬಿಟ್ಟಿತು. ನಾಲ್ಕೈದು ನಿಮಿಷಕ್ಕೆ ಹಳದಿಯಾಗಿ ಹುರಿದ ಅವಲಕ್ಕಿಯ ಘಮ ಬಂತು. ಹುರಿಯುವ ಹುಡುಗಿ ಚಿಕ್ಕ ಸೌಟಿನಂಥದ್ದನ್ನು ಎಳೆದು ಮೂಗಿಗೆ ಹಿಡಿದು ಮತ್ತೆ ಒಳಗೆ ತಳ್ಳುತ್ತಿದ್ದಳು. ಶಾಖ 200 ಡಿಗ್ರಿಯ ಹತ್ತಿರ ಬಂದಾಗ ಜೋಳ ಅರಳುವಂತೆ ಚಟ್ ಚಟ್ ಸದ್ದು ಶುರು. ಬೀಜದೊಳಗಿನ ಆವಿ ಒಡಲು ಒಡೆದುಕೊಂಡು ಹೊರಬರುವ ಸದ್ದು ಅದು. ಇದಕ್ಕೆ ಫಸ್ಟ್ ಕ್ರ್ಯಾಕ್ ಎನ್ನುತ್ತಾರೆ. ಆಮೇಲಿನ ಒಂದೆರಡು ನಿಮಿಷದಲ್ಲೇ ಎಲ್ಲ ತೀರ್ಮಾನ. ಅಲ್ಲೇ ಇಳಿಸಿದರೆ ತಿಳಿ ಹುರಿತ: ಹಣ್ಣಿನ ಹುಳಿ, ಹೂವಿನ ಪರಿಮಳ ಉಳಿಯುತ್ತವೆ. ಇನ್ನೂ ಬಿಟ್ಟು ಎರಡನೆಯ ಸದ್ದಿನ ತನಕ ಹೋದರೆ ಎಣ್ಣೆ ಜಿನುಗಿ, ಕಹಿ ಏರಿ, ತೋಟ ತೋಟದ ವ್ಯತ್ಯಾಸ ಅಳಿಸಿಹೋಗುತ್ತದೆ. ನಮ್ಮ ಫಿಲ್ಟರ್ ಕಾಫಿಗೆ ಕಡು ಹುರಿತವೇ ಹೊಂದುವುದು, ಹಾಲು-ಸಕ್ಕರೆಯನ್ನು ಸೀಳಿಕೊಂಡು ಬರುವ ಶಕ್ತಿ ಅದಕ್ಕಿದೆ. ತಿಳಿ ಹುರಿತದ ಪುಡಿಯನ್ನು ಸ್ಟೀಲ್ ಫಿಲ್ಟರಿಗೆ ಹಾಕಿ ಹಾಲು ಬೆರೆಸಿದರೆ ಹುಳಿ ಹುಳಿ ಅನ್ನಿಸಿ ಬೇಸರವಾಗುತ್ತದೆ. ದುಬಾರಿ ಪ್ಯಾಕೆಟ್ ತಂದು ಹೀಗೆ ಕೆಡಿಸಿಕೊಂಡವರು ಬಹಳ. ಕೊಳ್ಳುವಾಗ 'ಮನೆಯಲ್ಲಿ ಫಿಲ್ಟರಿದೆ, ಹಾಲು ಹಾಕುತ್ತೇವೆ' ಎಂದು ಹೇಳಿಬಿಡಿ. ಅದಕ್ಕೆ ತಕ್ಕ ಹುರಿತ, ಅದಕ್ಕೆ ತಕ್ಕ ನುಣುಪು ಕೊಡುತ್ತಾರೆ.

ಪ್ಯಾಕೆಟ್ ಕೈಗೆ ಬಂದಾಗ ಹುರಿದ ದಿನಾಂಕ ಹುಡುಕಿ. ಹುರಿದ ಬೀಜದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಿರುತ್ತದೆ. ಪುಡಿಗೆ ಬಿಸಿನೀರು ಬಿದ್ದಾಗ ದೋಸೆಹಿಟ್ಟಿನಂತೆ ಉಬ್ಬುವುದು ಅದರಿಂದಲೇ. ಒಂದು ವಾರ ಬಿಟ್ಟು ಕುಡಿಯಲು ಶುರು ಮಾಡಿ ಒಂದು-ಒಂದೂವರೆ ತಿಂಗಳಲ್ಲಿ ಮುಗಿಸಿದರೆ ಚೆನ್ನ. ಒಂದು ಕಡೆ ಬಣ್ಣದ ಗೋಡೆ, ಸೊಗಸಾದ ಪ್ಯಾಕೆಟ್ ನೋಡಿ ಕಾಲು ಕಿಲೋ ತಂದೆ. ಮನೆಗೆ ಬಂದು ನೋಡಿದರೆ ಹುರಿದು ಐದು ತಿಂಗಳಾಗಿತ್ತು. ನೀರು ಹಾಕಿದರೆ ಪುಡಿ ಮಿಸುಕಲೂ ಇಲ್ಲ. ಅಂದಿನಿಂದ ದಿನಾಂಕ ನೋಡಿಯೇ ದುಡ್ಡು ಕೊಡುತ್ತೇನೆ.

ಕಾಫಿ ಇಳಿಸುವ ಸಲಕರಣೆಗಳ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಪೋರ್ ಓವರ್ ಅಂದರೆ ಕಾಗದದ ಜಾಲರಿಯಲ್ಲಿ ನಿಧಾನ ನೀರು ಸುರಿದು ಇಳಿಸುವುದು, 15 ಗ್ರಾಂ ಪುಡಿಗೆ ಸುಮಾರು 240 ಮಿ.ಲೀ. ನೀರು. ಎಸ್ಪ್ರೆಸೊ ಅಂದರೆ ಒಂಬತ್ತು ಬಾರ್ ಒತ್ತಡದಲ್ಲಿ ಅರ್ಧ ನಿಮಿಷದೊಳಗೆ ಹಿಂಡಿ ತೆಗೆದ ಗಟ್ಟಿ ರಸ. ತೋಟದ ರುಚಿ ತಿಳಿಯಬೇಕಾದರೆ ಪೋರ್ ಓವರ್ ಕೇಳಿ, ಆರಲು ಬಿಟ್ಟು ಕುಡಿಯಿರಿ. ಸುಡುಸುಡು ಇರುವಾಗ ನಾಲಿಗೆಗೆ ಏನೂ ತಿಳಿಯದು. ಕಾರ್ಡಿನಲ್ಲಿ ಬರೆದ ಹಲಸು, ಕಿತ್ತಳೆ ನಿಮಗೆ ಸಿಗದಿದ್ದರೂ ಚಿಂತೆಯಿಲ್ಲ. ಅವು ಹುರಿದವರಿಗೆ ನೆನಪಾದ ರುಚಿಗಳು, ಕಾಫಿಗೆ ಬೆರೆಸಿದವಲ್ಲ. ನನ್ನ ಗೆಳತಿಗೆ ಅದೇ ಲೋಟದಲ್ಲಿ ಜೋನಿಬೆಲ್ಲ ಸಿಕ್ಕಿತು, ಅದೂ ಸರಿಯೇ.

ದರ್ಶಿನಿಯ ಕಾಫಿಗಿಂತ ಹತ್ತು ಪಟ್ಟು ಬೆಲೆ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಜಾಗದ ಬಾಡಿಗೆ, ಯಂತ್ರ, ಎಸಿ ಅದರಲ್ಲಿ ದೊಡ್ಡ ಪಾಲು ನುಂಗುತ್ತವೆ ಅನ್ನುವುದು ನಿಜ. ತೋಟದ ಕಡೆಯ ಲೆಕ್ಕವೂ ಒಂದಿದೆ, ಅದನ್ನು ಮಾವ ಅಲ್ಲೇ ಟಿಶ್ಯೂ ಕಾಗದದ ಮೇಲೆ ಬರೆದು ತೋರಿಸಿದರು. ಸುಮಾರು ಆರು ಕಿಲೋ ಹಣ್ಣಿಗೆ ಒಂದು ಕಿಲೋ ಹಸಿರು ಬೀಜ. ಹುರಿದಾಗ ಅದರಲ್ಲಿ ನೂರೈವತ್ತು ಗ್ರಾಂ ಹಾರಿಹೋಗುತ್ತದೆ. ಲೋಟಕ್ಕೆ 15 ಗ್ರಾಂ ಎಂದರೆ ನೂರು ಗ್ರಾಂ ಚಿಲ್ಲರೆ ಹಣ್ಣು, ಅರವತ್ತರ ಆಸುಪಾಸು. ಗಿಡದಲ್ಲಿ ಎಲ್ಲ ಹಣ್ಣೂ ಒಟ್ಟಿಗೆ ಕೆಂಪಾಗುವುದಿಲ್ಲ. ಆ ಅರವತ್ತನ್ನು ಕೆಂಪೇ ಆರಿಸಬೇಕಾದರೆ ಒಂದೇ ಗಿಡಕ್ಕೆ ಮೂರು ನಾಲ್ಕು ಸಲ ಆಳು ಕಳಿಸಬೇಕು. ಆಳು ಸಿಗುವುದೇ ಕಷ್ಟವಾದ ಈ ಕಾಲದಲ್ಲಿ ಅದು ಸುಲಭದ ಮಾತಲ್ಲ. ಹಾಗಾಗಿ ರೋಸ್ಟರಿಗೆ ಹೋದಾಗ ನಾನು ತಪ್ಪದೆ ಕೇಳುವ ಪ್ರಶ್ನೆ, ಬೆಳೆಗಾರರಿಂದ ನೇರ ತಂದಿರಾ, ಮಾರುಕಟ್ಟೆ ಬೆಲೆಗಿಂತ ಎಷ್ಟು ಹೆಚ್ಚು ಕೊಟ್ಟಿರಿ ಎಂದು. ನೇರ ತಂದವರು ಖುಷಿಯಿಂದ ಹೇಳುತ್ತಾರೆ, ತೋಟದ ಫೋಟೋ ತೆಗೆದು ತೋರಿಸುತ್ತಾರೆ.

ಇನ್ನೊಂದು ಕೇಳಿ: ರೋಬಸ್ಟಾ ಇದೆಯಾ? ಅರೇಬಿಕಾದಂತೆ ಅದೂ ಕಾಫಿಯ ಒಂದು ಜಾತಿ. ದೇಶದ ಕಾಫಿಯಲ್ಲಿ ಸುಮಾರು ಶೇ 70 ಪಾಲು ಕರ್ನಾಟಕದ್ದು, ಅದರಲ್ಲಿ ರೋಬಸ್ಟಾವೇ ಹೆಚ್ಚು. ಆದರೂ ಕೆಫೆಗಳು 'ನೂರಕ್ಕೆ ನೂರು ಅರೇಬಿಕಾ' ಎಂದು ಬರೆದುಕೊಂಡು ರೋಬಸ್ಟಾವನ್ನು ಹೊರಗೆ ನಿಲ್ಲಿಸಿದ್ದವು. ಹಣ್ಣು ಆರಿಸಿ, ತೊಳೆದು ಸಂಸ್ಕರಿಸಿದ ರೋಬಸ್ಟಾದಲ್ಲಿ ಕೋಕೋ, ಹುರಿದ ಕಡಲೆಕಾಯಿಯ ಗಟ್ಟಿ ರುಚಿ ಇರುತ್ತದೆ. ಮಾಗುಂಡಿಯ ಸೇತುರಾಮನ್ ತೋಟದವರು ಬಹಳ ವರ್ಷಗಳಿಂದ ಇದನ್ನು ಮಾಡಿ ತೋರಿಸಿದ್ದಾರೆ. ಹೊಸ ರೋಸ್ಟರುಗಳು ಈಗ ಅದನ್ನು ತೋಟದ ಹೆಸರಿನೊಂದಿಗೆ ಮಾರತೊಡಗಿದ್ದು ನನಗೆ ಬಹಳ ಸಂತೋಷ ಕೊಟ್ಟ ಬದಲಾವಣೆ. ಫಿಲ್ಟರಿಗೆ, ಹಾಲಿಗೆ ಅದು ಹೇಳಿ ಮಾಡಿಸಿದ್ದು.

ಅಂದು ಹೊರಡುವಾಗ ರೋಸ್ಟರಿನ ಹುಡುಗಿ ಮಾವನಿಗೆ, "ಅಂಕಲ್, ಮುಂದಿನ ಕೊಯ್ಲಿಗೆ ನಿಮ್ಮದೊಂದು ಸ್ಯಾಂಪಲ್ ಕಳಿಸಿ" ಎಂದಳು. ಅದೇ ಡಿಸೆಂಬರಿನಲ್ಲಿ ಮಾವ ತೋಟದ ಮೇಲಿನ ಎರಡು ಪಟ್ಟೆಯ ಹಣ್ಣನ್ನು ಕೆಂಪು ಕೆಂಪೇ ಆರಿಸಿ ಕೊಯ್ಸಿದರು. ಅಡಿಕೆ ದಬ್ಬೆ ಸೀಳಿ ಅಟ್ಟ ಕಟ್ಟಿ, ಹಸಿರು ಬಲೆ ಹಾಸಿ ಒಣಗಿಸಿದರು. ಅತ್ತೆ ಹೊತ್ತು ಹೊತ್ತಿಗೆ ಕೈಯಾಡಿಸಿದರು. ಕಪ್ಪಿಂಗ್‌ನಲ್ಲಿ 78 ಬಂತು. ಸಿಹಿ ಚೆನ್ನಾಗಿದೆ, ಆದರೆ ಒಂದೆರಡು ಬಟ್ಟಲಲ್ಲಿ ಮಾತ್ರ ಕಮಟು ಬರುತ್ತಿದೆ, ಒಣಗುವುದು ಎಲ್ಲ ಕಡೆ ಒಂದೇ ಸಮ ಆಗಿಲ್ಲ ಎಂದು ಅವಳು ಫೋನಿನಲ್ಲಿ ವಿವರಿಸಿದಳು. ಮಾವ ಸ್ಪೀಕರ್ ಹಾಕಿಸಿಕೊಂಡು ಕೇಳಿದರು. ಅಟ್ಟದ ಪೂರ್ವದ ತುದಿಗೆ ಬೆಳಗ್ಗೆ ಹತ್ತರ ತನಕ ಹಲಸಿನ ಮರದ ನೆರಳು ಬೀಳುತ್ತದೆ ಎಂದು ಆಗ ನೆನಪು ಮಾಡಿಕೊಂಡರು. ಬರುವ ಕೊಯ್ಲಿಗೆ ಅಟ್ಟವನ್ನು ಮನೆಯ ಹಿಂದಿನ ಬಯಲಿಗೆ ಸರಿಸುತ್ತಾರಂತೆ.